ಚಪ್ಪಲಿ ಬಿಟ್ಟು ಒಳಗೆ ಬನ್ನಿ

ಬಸವೇಶ್ವರನಗರ

ನಾನು ಪಾಲಿಕೆಯ ಸದಸ್ಯೆಯಾಗಿದ್ದೆ ಎಂದರೆ ಈಗಲೂ ಕೆಲವರು, "ಹೌದಾ? ಯಜಮಾನ್ರು ಆಗಿದ್ರು ಅಂದ್ಕೊಂಡಿದ್ವಿ" ಅನ್ನುತ್ತಾರೆ. ಅವರ ತಪ್ಪೇನಿಲ್ಲ. ಆ ಕಾಲದಲ್ಲಿ ನಮ್ಮ ಮನೆಗೆ ಬಂದವರೆಲ್ಲ ನನ್ನ ಕೈಯಿಂದ ಕಾಫಿ ಇಸಿದುಕೊಂಡು, ಚರಂಡಿಯ ತಾಪತ್ರಯವನ್ನು ಯಜಮಾನರಿಗೆ ಹೇಳಿ ಹೋಗುತ್ತಿದ್ದರು. ಸೀಟು ಮಹಿಳೆಗೆ ಮೀಸಲು, ಮಾತು ಗಂಡನಿಗೆ ಮೀಸಲು.

ಹೀಗಿರುವಾಗ ಎಸ್ಟೋನಿಯಾ ಎಂಬ ದೇಶದಿಂದ ಒಂದು ಆಹ್ವಾನ ಬಂತು. ಕಂಪ್ಯೂಟರ್ ಕೈಗೆ ಸಿಕ್ಕವರಿಗೂ ಸಿಗದವರಿಗೂ ನಡುವೆ ಬಿದ್ದಿರುವ ಕಂದಕವನ್ನು ಮುಚ್ಚಲು ಊರೂರಿನ ಸ್ಥಳೀಯ ಆಡಳಿತಗಳು ಏನು ಮಾಡಬಹುದು ಎಂದು ಮಾತಾಡುವ ಸಭೆ. ಖರ್ಚು ಅವರದೇ, ಆದರೆ ಹೆಸರಿದ್ದವರು ಮಾತ್ರ ಬರಬೇಕು. ಹೆಸರು ನನ್ನದಿತ್ತು. ಯಜಮಾನರು ಆಹ್ವಾನ ಪತ್ರವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿ, "ಜೊತೆಗೊಬ್ರು ಬರಬಹುದು ಅಂತ ಎಲ್ಲೂ ಇಲ್ವಲ್ಲ" ಎಂದರು. ಇಲ್ಲ ಎಂದೆ. ನನಗೆ ಖುಷಿಯಾಯಿತು ಎಂದು ಇಲ್ಲಿ ಬರೆದರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಬರೆದದ್ದನ್ನು ಅವರು ಓದುವುದಿಲ್ಲ.

ಆ ಸಭೆಯಿಂದ ನನಗೆ ಒಂದು ಉತ್ತರ ಬೇಕಾಗಿತ್ತು. ನಮ್ಮ ವಾರ್ಡಿನ ನೀರಿನ ಟ್ಯಾಂಕಿನ ಪಕ್ಕದ ಕಟ್ಟಡದಲ್ಲಿ ನಾನು ಹಟ ಹಿಡಿದು ಒಂದು ಇಂಟರ್‌ನೆಟ್ ಕೋಣೆ ಮಾಡಿಸಿದ್ದೆ. ಕೂತು ನೋಡಿದರೆ ಕಾಸು ಕೇಳುವವರಿಲ್ಲ. ಒಳ್ಳೆಯ ಕಂಪ್ಯೂಟರ್, ಬಿಳಿ ಟೈಲ್ಸ್, ಫ್ಯಾನು, ಒಬ್ಬ ಆಪರೇಟರ್. ಎಲ್ಲ ಇತ್ತು, ಜನ ಇರಲಿಲ್ಲ. ಆಪರೇಟರ್ ಒಬ್ಬನೇ ಕೂತು ಇಸ್ಪೀಟಾಟ ಆಡುತ್ತಿದ್ದ, ಅದೂ ಕಂಪ್ಯೂಟರಿನಲ್ಲಿ. ಯಾರೂ ಬಾರದ ಕೋಣೆಯನ್ನು ಗರಡಿ ಮನೆಗಾದರೂ ಕೊಡೋಣ, ನಾಲ್ಕು ಹುಡುಗರು ಸಾಮು ಮಾಡುತ್ತಾರೆ ಎಂದು ಸ್ಥಾಯಿ ಸಮಿತಿಯ ಅಧ್ಯಕ್ಷರು ಹೇಳಿದ್ದರು. ನಾನು ವಾಪಸು ಬಂದ ಮೇಲೆ ಸಮಿತಿ ಸ್ಥಳಕ್ಕೆ ಬಂದು ನೋಡಿ ತೀರ್ಮಾನ ಮಾಡುವುದೆಂದಾಗಿತ್ತು.

"ಜನಕ್ಕೆ ತಿಳಿವಳಿಕೆ ಇಲ್ಲ ಬಿಡಿ ಮೇಡಂ" ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ನನಗೂ ಹಾಗೇ ಅನ್ನಿಸಿತ್ತು, ರೇಣುಕಾ ಒಬ್ಬಳನ್ನು ಬಿಟ್ಟರೆ. ರೇಣುಕಾ ನಮ್ಮ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದವಳು, ಬಾಗಲಕೋಟೆ ಕಡೆಯವಳು. ರಾಜಾಜಿನಗರದ ಹತ್ತಿರ ಒಂದು ಶೆಡ್ಡಿನಲ್ಲಿ ಊದುಬತ್ತಿ ಹೊಸೆಯುವ ಕೆಲಸ. ಅವಳ ತಂಗಿ ಕುವೈತಿನಲ್ಲಿ ಯಾರದೋ ಮನೆಗೆಲಸಕ್ಕೆ ಹೋಗಿದ್ದಳು. ಫೋನಿನಲ್ಲಿ "ಚೆನ್ನಾಗಿದೀನಿ" ಅನ್ನುತ್ತಿದ್ದಳು. ಮಾಲೀಕರು ಪಕ್ಕದಲ್ಲೇ ನಿಂತಿದ್ದರೆ ಇನ್ನೇನು ಅಂದಾಳು? ಆ ಮನೆಯ ಮಗಳು ಫೋಟೋಗಳನ್ನು ಇಮೇಲ್ ಮಾಡುತ್ತಾಳೆ ಎಂದು ಗೊತ್ತಾಗಿ, ನಮ್ಮ ಆಪರೇಟರನಿಂದ ರೇಣುಕಾ ಹೆಸರಲ್ಲಿ ಒಂದು ಇಮೇಲ್ ವಿಳಾಸ ಮಾಡಿಸಿ ಕೊಟ್ಟಿದ್ದೆ. "ಮಾತು ಬ್ಯಾಡ್ರಿ ಅಕ್ಕಾರ, ಮಾರಿ ನೋಡಿದ್ರ ಸಾಕು. ಉಂಡಾಳೋ ಇಲ್ಲೋ ಮಾರಿ ಹೇಳ್ತದ" ಅನ್ನುತ್ತಿದ್ದಳು. ಒಂದು ಸಂಜೆ ಅವಳು ಕೋಣೆಯ ಬಾಗಿಲವರೆಗೆ ಬಂದು, ಒಳಗೆ ಬಗ್ಗಿ ನೋಡಿ, ಹಿಂದಕ್ಕೆ ಹೋದದ್ದನ್ನು ನಾನೇ ಕಂಡೆ.

"ಯಾಕೆ ರೇಣುಕಾ, ಒಳಗೆ ಹೋಗ್ಲಿಲ್ವಾ?"

"ನಾಳೆ ಬರ್ತೇನ್ರಿ ಅಕ್ಕಾರ."

ಆ ನಾಳೆ ಬರಲೇ ಇಲ್ಲ. ಅವಳ ತಂಗಿಯ ಮುಖ ಎಲ್ಲೋ ತಂತಿಯೊಳಗೆ ಕಾಯುತ್ತಾ ಕೂತಿತ್ತು.

ವಿಮಾನದಲ್ಲೂ ವಿಮಾನದ ಆಚೆಗೂ

ಚಳಿಯ ದೇಶ ಎಂದು ಯಜಮಾನರು ಮೆಜೆಸ್ಟಿಕ್ಕಿನ ಟಿಬೆಟಿನವರ ಅಂಗಡಿಯಿಂದ ಸ್ವೆಟರ್, ಮಂಕಿ ಕ್ಯಾಪ್, ಉಣ್ಣೆಯ ಕಾಲುಚೀಲ ತಂದರು. ಹೆಂಗಸರ ಬೂಟು ಡಾ. ರಾಜ್‌ಕುಮಾರ್ ರಸ್ತೆಯ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ಗಂಡಸರ ಲೆದರ್ ಬೂಟನ್ನೇ ಕೊಂಡೆ. ರೇಷ್ಮೆ ಸೀರೆಯ ಕೆಳಗೆ ಆ ಬೂಟು ಹಾಕಿಕೊಂಡು ವಿಮಾನ ನಿಲ್ದಾಣದಲ್ಲಿ ನಡೆದಾಗ ಬಯಲಾಟದ ಪಾತ್ರಧಾರಿ ಅರ್ಧ ವೇಷ ಕಳಚಿ ಬಂದ ಹಾಗಿದ್ದೆ.

ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಿ ತಾಲಿನ್‌ನಲ್ಲಿ ಇಳಿದೆ. ಅಲ್ಲಿಯ ಅಧಿಕಾರಿ ನನ್ನ ಚೀಲ ತೆಗೆದು, ಪುಳಿಯೋಗರೆ ಪುಡಿಯ ಪೊಟ್ಟಣ ಬಿಚ್ಚಿ ಮೂಸಿದ. ಮೂಸಬಾರದಿತ್ತು. ಒಂದೇ ಸಮನೆ ಸೀನಿದ. ಕಣ್ಣಲ್ಲಿ ನೀರು ಬಂತು. ನಮ್ಮಲ್ಲಾಗಿದ್ದರೆ ಸುತ್ತ ನಾಲ್ಕು ಜನ ಸೇರಿ ನೀರು ಕುಡಿಸಿ, ಬೆನ್ನು ತಟ್ಟಿ, ಪುಡಿಗೆ ಏನೇನು ಹಾಕಿದ್ದೀರಿ ಎಂದು ಕೇಳುತ್ತಿದ್ದರು. ಇಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅವನು ಕಣ್ಣೊರೆಸಿಕೊಂಡು ಪೊಟ್ಟಣವನ್ನು ಜೋಪಾನವಾಗಿ ಮಡಿಸಿ, ಅದೇ ಜಾಗದಲ್ಲಿಟ್ಟು, ಹೋಗಿ ಎಂದು ಕೈ ತೋರಿಸಿದ.

ಹೊರಗೆ ನನ್ನ ಹೆಸರಿನ ಬೋರ್ಡು ಹಿಡಿದು ಕಾದ್ರಿ ನಿಂತಿದ್ದಳು. ಎತ್ತರದ ಹುಡುಗಿ, ನನಗೆ ದುಭಾಷಿಯಾಗಿ ಬಂದವಳು. ನನ್ನದು ಒರಟು ಇಂಗ್ಲಿಷು, ಅವಳದು ನಿಧಾನದ ಇಂಗ್ಲಿಷು. ಇಬ್ಬರಿಗೂ ಹೊಂದಿಕೆಯಾಯಿತು. ಹೋಟೆಲ್ ತಲುಪುವವರೆಗೆ ಅವಳು ಮೂರೋ ನಾಲ್ಕೋ ಮಾತಾಡಿದಳು. ನನ್ನ ಮೇಲೆ ಸಿಟ್ಟಿದೆಯೇನೋ ಎಂದುಕೊಂಡೆ. ಮಾರನೆಯ ದಿನ ತಿಂಡಿಗೆ ಹೋದಾಗ ಆ ಹಾಲಿನಲ್ಲಿ ಅಷ್ಟು ಜನ ಕೂತು, ಚಮಚದ ಸದ್ದೂ ಇಲ್ಲದೆ ತಿನ್ನುತ್ತಿದ್ದರು. ಆಗ ತಿಳಿಯಿತು, ಇದು ಸಿಟ್ಟಲ್ಲ, ದೇಶ. ನಾನು ಕಪ್ಪು ಬ್ರೆಡ್ಡಿಗೆ ಪುಳಿಯೋಗರೆ ಪುಡಿ ಉದುರಿಸಿಕೊಂಡು, ಮೀನಿನ ತಟ್ಟೆಗಳಿಗೆ ಬೆನ್ನು ಹಾಕಿ ಕೂತೆ. ಚೆನ್ನಾಗಿಯೇ ಇತ್ತು.

ತಾಲಿನ್, ಸಭೆ

ಸಭೆಗೆ ಎಲ್ಲೆಲ್ಲಿಂದಲೋ ಮೇಯರುಗಳು, ಸದಸ್ಯರು ಬಂದಿದ್ದರು. ನಾನು ಬೆಂಗಳೂರು ಎಂದ ತಕ್ಷಣ ಎಲ್ಲರೂ ತಲೆದೂಗುತ್ತಿದ್ದರು. ಬೆಂಗಳೂರಿನಿಂದ ಬಂದವಳಿಗೆ ಈ ಸಭೆಯಲ್ಲಿ ಏನು ಕೆಲಸ, ನಿಮ್ಮಲ್ಲಿ ಎಲ್ಲರಿಗೂ ಕಂಪ್ಯೂಟರ್ ಬರುತ್ತದಲ್ಲ ಎಂದು ಒಬ್ಬರು ಕೇಳಿದರು. ನಮ್ಮ ಬೀದಿಯ ಇಸ್ತ್ರಿ ಅಂಗಡಿ, ಕಾಯಿಪಲ್ಲೆ ಗಾಡಿ, ಊದುಬತ್ತಿ ಶೆಡ್ಡು ನೆನಪಿಗೆ ಬಂದವು. ದೀಪದ ಬುಡದಲ್ಲೇ ಕತ್ತಲೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ, ನಮ್ಮಲ್ಲಿ ಕರೆಂಟು ಹೋಗುತ್ತದೆ ಎಂಬ ಅರ್ಥ ಬಂದು, ಸೆನೆಗಲ್ಲಿನ ಒಬ್ಬ ಮೇಯರು ನನ್ನ ಕೈ ಹಿಡಿದು ಬಹಳ ಹೊತ್ತು ಕುಲುಕಿದರು. ಅವರ ಊರಿನಲ್ಲಿ ನಿಜವಾಗಿಯೂ ಹೋಗುತ್ತಿತ್ತಂತೆ.

ಭಾಷಣಗಳು ಚೆನ್ನಾಗಿದ್ದವು. ಕೇಬಲ್ ಎಳೆಯುವುದು, ಉಪಗ್ರಹ, ಅನುದಾನ, ಬಡ ದೇಶಗಳಿಗೆ ಹಳೆಯ ಕಂಪ್ಯೂಟರ್ ಕಳಿಸುವುದು. ದೇಶ ದೇಶಗಳ ನಡುವಿನ ಕಂದಕ ದೊಡ್ಡದು, ಆದರೆ ಜನರ ಮನೆಬಾಗಿಲಿಗೆ ಹತ್ತಿರ ಇರುವುದು ಊರಿನ ಆಡಳಿತವೇ, ಆದ್ದರಿಂದ ಕೊನೆಯ ಹೆಜ್ಜೆ ಅದೇ ಇಡಬೇಕು ಎಂದು ಎಲ್ಲರೂ ಒಪ್ಪಿದರು. ನನ್ನ ಸರದಿ ಬಂದಾಗ ಎದ್ದು, ಕೇಬಲ್ಲೂ ಬಂತು, ಕಂಪ್ಯೂಟರೂ ಬಂತು, ನಮ್ಮಲ್ಲಿ ಜನ ಮಾತ್ರ ಒಳಗೆ ಬರುತ್ತಿಲ್ಲ, ಏನು ಮಾಡುವುದು ಎಂದು ಕೇಳಿದೆ. ಸಭೆ ಸುಮ್ಮನಾಯಿತು. ಮೊದಲೇ ಸುಮ್ಮನಿದ್ದವರು, ಇನ್ನೂ ಸುಮ್ಮನಾದರು. ಕೊನೆಗೆ ಒಬ್ಬರು, ಜಾಗೃತಿ ಮೂಡಿಸಬೇಕು ಎಂದರು. ಇದನ್ನು ಕೇಳಲು ಏಳು ಸಮುದ್ರ ದಾಟಿ ಬರಬೇಕಾಗಿರಲಿಲ್ಲ. ಇದೇ ಮಾತನ್ನು ನಮ್ಮ ಅಧ್ಯಕ್ಷರು ಬೊಂಡಾ ತಿನ್ನುತ್ತಾ ಹೇಳಿದ್ದರು.

ದಾರಿ

ಮರುದಿನ ನಮ್ಮನ್ನು ಗುಂಪು ಗುಂಪಾಗಿ ಹಳ್ಳಿಗಳಿಗೆ ಕಳಿಸಿದರು. ನಮ್ಮ ಗುಂಪಿನಲ್ಲಿ ಸೆನೆಗಲ್ಲಿನ ಮೇಯರು, ನಾನು, ಕಾದ್ರಿ. ಕಾರು ಓಡಿಸಿದ್ದು ಆ ಹಳ್ಳಿಯ ಆಡಳಿತದ ಮುಖ್ಯಸ್ಥ ತೋನು, ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರಿದ್ದ ಹಾಗೆ. ಅಧ್ಯಕ್ಷರೇ ಕಾರು ಓಡಿಸುವುದನ್ನು ನಾನು ನೋಡಿದ್ದು ಅದೇ ಮೊದಲು.

ಹೊರಡುವ ಮುಂಚೆ ನಾನು ಸಂಪ್ರದಾಯ ಬಿಡಬಾರದೆಂದು ಅವನಿಗೆ ಗಂಧದ ಹಾರ ಹಾಕಿ, ಮೈಸೂರು ಪೇಟ ತೊಡಿಸಿದೆ. ನಮ್ಮಲ್ಲಿ ಪೇಟ ತೊಡಿಸಿದ ಮರುಕ್ಷಣ ಫೋಟೋ ತೆಗೆದು, ಪೇಟವನ್ನು ಕಳಚಿ ಪಕ್ಕದವರ ಕೈಗೆ ಕೊಡುವುದು ವಾಡಿಕೆ. ಅದನ್ನು ಅವನಿಗೆ ಹೇಳಿಕೊಡಲು ಮರೆತೆ. ಅವನು ಪೇಟ ತೊಟ್ಟುಕೊಂಡೇ ಕಾರು ಹತ್ತಿದ. ಹಿಮದ ನಡುವೆ, ಬೋಳು ಮರಗಳ ನಡುವೆ, ಜರಿ ಪೇಟದ ಒಬ್ಬ ಗಂಭೀರ ಮನುಷ್ಯ ನಮ್ಮನ್ನು ಕರೆದೊಯ್ದ. ಪೆಟ್ರೋಲ್ ಹಾಕಿಸುವಾಗಲೂ ತೆಗೆಯಲಿಲ್ಲ. ಪೆಟ್ರೋಲ್ ಹಾಕುವವನೂ ಏನೂ ಕೇಳಲಿಲ್ಲ.

ಒಂದು ಕವಲು ದಾರಿಯಲ್ಲಿ ನೀಲಿ ಬೋರ್ಡು ಕಂಡಿತು. ಇಮೇಲ್ ವಿಳಾಸದ ನಡುವೆ ಬರುವ ಸುರುಳಿ ಚಿಹ್ನೆ ಬರೆದು ಬಾಣದ ಗುರುತು ಹಾಕಿದ್ದರು. ಇದೇನು ಎಂದೆ. ಊರಿನವರು ಪುಕ್ಕಟೆಯಾಗಿ ಇಂಟರ್‌ನೆಟ್ ನೋಡಬಹುದಾದ ಜಾಗ ಆ ಕಡೆ ಇದೆ ಎಂದಳು ಕಾದ್ರಿ. ನಮ್ಮಲ್ಲಿ ಆಸ್ಪತ್ರೆಗೆ, ರೈಲು ನಿಲ್ದಾಣಕ್ಕೆ ದಾರಿ ತೋರಿಸುವ ಹಾಗೆ! ಕಾರು ನಿಲ್ಲಿಸಿ ಆ ಬೋರ್ಡಿನ ಪಕ್ಕ ನಿಂತು ಫೋಟೋ ಹೊಡೆಸಿಕೊಂಡೆ. ಕಾದ್ರಿ ಆಗ ಮೊದಲ ಸಲ ತಾನಾಗಿಯೇ ಮಾತಾಡಿದಳು. ಅವಳು ಚಿಕ್ಕವಳಿದ್ದಾಗ ಮನೆಗೆ ಫೋನು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತಂತೆ. ನಮ್ಮ ಮಾವನವರು ಫೋನಿಗೆ ಬರೆದುಕೊಟ್ಟು, ಅದು ಬರುವ ಹೊತ್ತಿಗೆ ತೀರಿಕೊಂಡಿದ್ದರು ಎಂದು ನಾನು ಹೇಳಿದೆ. ಅವಳು ನಕ್ಕಳು, ಆಮೇಲೆ ನಗಬಾರದಿತ್ತು ಎಂದು ಕ್ಷಮೆ ಕೇಳಿದಳು. ನಗಬಹುದು, ಅವರೂ ನಗುತ್ತಿದ್ದರು ಎಂದೆ.

ಗ್ರಂಥಾಲಯ

ಮರದ ಕಟ್ಟಡ, ಚಿಮಣಿಯಿಂದ ಹೊಗೆ. ಬಾಗಿಲ ಮೇಲೆ ಅದೇ ಸುರುಳಿ ಚಿಹ್ನೆ. ತೋನು, ಮೇಯರು, ಕಾದ್ರಿ ಒಳಗೆ ಹೋದರು. ನಾನು ಮೆಟ್ಟಿಲ ಮೇಲೆ ನಿಂತು ಬೂಟು ಬಿಚ್ಚಿದೆ.

ಯಾಕೆ ಬಿಚ್ಚಿದಿರಿ ಎಂದು ಈಗಿನ ಓದುಗರು ಕೇಳಬಹುದು. ಆಗ ನಮ್ಮಲ್ಲಿ ಎಲ್ಲಿ ಕಂಪ್ಯೂಟರ್ ಇತ್ತೋ ಅಲ್ಲಿ ಬಾಗಿಲಲ್ಲೇ ಚಪ್ಪಲಿ ಬಿಡಬೇಕಿತ್ತು. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ, ಎಲ್ಲ ಕಡೆ. ಧೂಳಾಗುತ್ತದೆ ಎನ್ನುವುದು ಕಾರಣ. ಗರ್ಭಗುಡಿಗೆ ಇನ್ನೊಂದು ಹೆಸರು ಕಂಪ್ಯೂಟರ್ ಕೋಣೆ. ನಮ್ಮ ವಾರ್ಡಿನ ಕೋಣೆಯ ಬಾಗಿಲಿಗೂ ‘ಚಪ್ಪಲಿ ಬಿಟ್ಟು ಒಳಗೆ ಬನ್ನಿ’ ಎಂದು ಬಣ್ಣದಲ್ಲಿ ಬರೆಸಿದ್ದೆವು. ಹಾಗಾಗಿ ಕಂಪ್ಯೂಟರಿನ ಗುರುತು ಕಂಡ ಕೂಡಲೇ ಕೈ ತಾನಾಗಿ ಬೂಟಿನ ದಾರಕ್ಕೆ ಹೋಯಿತು.

ಬಿಚ್ಚಿದ ಮೇಲೆ ನೋಡುತ್ತೇನೆ, ಎಡಗಾಲಿನ ಕಾಲುಚೀಲ ಹರಿದು ಹೆಬ್ಬೆರಳು ಹೊರಗೆ ಇಣುಕುತ್ತಿದೆ. ಅಳತೆಗೆ ದೊಡ್ಡದಾದ ಬೂಟಿನೊಳಗೆ ಕಾಲು ಜಾರಿ ಜಾರಿ ಉಣ್ಣೆ ಸವೆದಿತ್ತು. ಒಳಗೆ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಾರೋ ಆಗಲೇ ಮಾತಾಡುತ್ತಿದ್ದರು. ಹೋಗಲು ನಾಚಿಕೆ. ಮತ್ತೆ ಬೂಟು ಹಾಕಿಕೊಳ್ಳೋಣವೆಂದರೆ ಒದ್ದೆ ದಾರ ಆಗಲೇ ಗಂಟುಗಂಟಾಗಿತ್ತು. ಪಾದ ಮರಗಟ್ಟುತ್ತಿತ್ತು. ನಾನು ಪ್ರಕೃತಿ ಸೌಂದರ್ಯ ನೋಡುವವಳ ಹಾಗೆ ಅತ್ತ ತಿರುಗಿ ನಿಂತೆ. ನೋಡಲು ಅಲ್ಲಿ ಒಂದು ಕಸದ ತೊಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಬರುತ್ತೇನೆ ಎಂದು ಹೇಳಿ ಕಾರಿನಲ್ಲಿ ಹೋಗಿ ಕೂರೋಣ ಅನ್ನಿಸಿತು.

ಆಮೇಲೆ ಬರುತ್ತೇನೆ. ನಾಳೆ ಬರ್ತೇನ್ರಿ ಅಕ್ಕಾರ.

ಊದುಬತ್ತಿ ಹೊಸೆಯುವವರು ಇದ್ದಿಲ ಪುಡಿಯ ಹಿಟ್ಟು ಮುಂದಿಟ್ಟುಕೊಂಡು ದಿನವಿಡೀ ನೆಲದ ಮೇಲೆ ಕೂರುತ್ತಾರೆ. ಕೈ ಕಪ್ಪು, ಮೊಣಕಾಲು ಕಪ್ಪು, ಅಂಗಾಲಿನ ಬಿರುಕುಗಳೊಳಗೆ ಇಳಿದ ಕಪ್ಪು ತೊಳೆದರೂ ಹೋಗುವುದಿಲ್ಲ. ರೇಣುಕಾ ಬಾಗಿಲಲ್ಲಿ ನಿಂತು ಬಗ್ಗಿ ನೋಡಿದ್ದು ಕಂಪ್ಯೂಟರನ್ನಲ್ಲ, ನನ್ನ ಬಿಳಿ ಟೈಲ್ಸನ್ನು. ಚಪ್ಪಲಿಯಲ್ಲಿ ನಡೆದಿದ್ದರೆ ಅವಳ ಅಂಗಾಲು ಯಾರಿಗೂ ಕಾಣುತ್ತಿರಲಿಲ್ಲ. ನಾವು ಚಪ್ಪಲಿ ಬಿಚ್ಚಿ ಬಾ ಎಂದಿದ್ದೆವು. ಅಷ್ಟು ಚಳಿಯಲ್ಲೂ ನನ್ನ ಕಿವಿ ಬಿಸಿಯಾಯಿತು.

ಅಷ್ಟರಲ್ಲಿ ಗ್ರಂಥಪಾಲಕಿ ಹೊರಗೆ ಬಂದಳು. ಮಾರೆ ಎಂದು ಹೆಸರು, ನನ್ನ ವಯಸ್ಸಿನವಳು. ನನ್ನನ್ನು ನೋಡಿದಳು, ಬೂಟು ನೋಡಿದಳು, ಹೆಬ್ಬೆರಳು ನೋಡಿದಳು. ಬೂಟು ಎತ್ತಿಕೊಂಡು ಹೋಗಿ ಒಲೆಯ ಪಕ್ಕ ಇಟ್ಟಳು, ನನಗೆ ಬೆಚ್ಚನೆಯ ಮನೆಚಪ್ಪಲಿ ಕೊಟ್ಟಳು, ತನ್ನ ಕುರ್ಚಿಯಲ್ಲಿ ಕೂರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಕಾದ್ರಿಯ ಮೂಲಕ ಕೇಳಿದಳು.

"ನಿಮ್ಮಲ್ಲಿ ಕಂಪ್ಯೂಟರನ್ನು ಪೂಜೆ ಮಾಡುತ್ತೀರಾ?"

"ವರ್ಷಕ್ಕೊಮ್ಮೆ, ಆಯುಧ ಪೂಜೆಗೆ. ಕುಂಬಳಕಾಯಿ ಒಡೀತೀವಿ" ಎಂದೆ. ಅದನ್ನು ಕಾದ್ರಿ ಹೇಗೆ ಅನುವಾದಿಸಿದಳೋ. ಮಾರೆ ನನ್ನ ಭುಜ ತಟ್ಟಿದಳು.

ಆಗ ಒಬ್ಬ ರೈತ ಒಳಗೆ ಬಂದ. ಮೊಣಕಾಲುದ್ದದ ರಬ್ಬರ್ ಬೂಟು, ಅದರ ತುಂಬ ಸಗಣಿ. ನಾನು ಮೂಗಿನಿಂದಲೇ ಗುರುತು ಹಿಡಿದೆ, ನಮ್ಮದೂ ಹಸು ಕಟ್ಟಿದ ಮನೆತನ. ಹೊಳೆಯುವ ನೆಲದ ಮೇಲೆ ಅಚ್ಚು ಮೂಡಿಸುತ್ತಾ ಹೋಗಿ ಕಂಪ್ಯೂಟರಿನ ಮುಂದೆ ಕೂತು, ಬೆರಳು ಕುಟ್ಟತೊಡಗಿದ. ಟ್ರಾಕ್ಟರಿನ ಯಾವುದೋ ಭಾಗ ಹುಡುಕುತ್ತಿದ್ದಾನೆ ಎಂದಳು ಕಾದ್ರಿ. ನನಗೇನೂ ಜ್ಞಾನೋದಯವಾಗಲಿಲ್ಲ, ಸಿಟ್ಟು ಬಂತು. ನೆಲ ಗುಡಿಸಿ ಒರೆಸಿ ಬೆಳೆದ ಹೆಂಗಸಿಗೆ ಬರುವ ಸಿಟ್ಟು. "ಬೂಟು ಬಿಚ್ಚಿ ಬಾ ಅಂತ ಹೇಳಬಾರದೆ?" ಎಂದು ಕೇಳಿದೆ.

ಮಾರೆ ರೈತನ ಬೆನ್ನನ್ನೊಮ್ಮೆ ನೋಡಿದಳು. "ಮೊದಮೊದಲು ಹೇಳುತ್ತಿದ್ದೆ. ಬಿಚ್ಚಲು ಹೋದವನು ಹಾಗೇ ಮನೆಗೆ ಹೋಗುತ್ತಿದ್ದ. ಅವನ ಕಾಲುಚೀಲವೂ ಹರಿದಿತ್ತು." ಆಮೇಲೆ ಮೂಲೆಯಲ್ಲಿದ್ದ ಒರೆಸುವ ಕೋಲು ತೋರಿಸಿದಳು. ದಿನಕ್ಕೊಂದು ಸಲ ಒರೆಸುತ್ತಾಳಂತೆ. ನೆಲ ಹೊಳೆಯುತ್ತಿದ್ದುದು ಆ ದಿನ ನಾವು ಬರುತ್ತೇವೆಂದು.

ಊಟದ ಹೊತ್ತಿಗೆ ತೋನು ಕಾದ್ರಿಯ ಕಿವಿಯಲ್ಲಿ ಏನೋ ಕೇಳಿದ. ಪೇಟವನ್ನು ಯಾವಾಗ ತೆಗೆದರೆ ಮರ್ಯಾದೆ ಎಂದು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಪೇಟ ತೊಟ್ಟ ಸನ್ಮಾನಿತರನ್ನು ನಾನು ಕಂಡಿಲ್ಲ.

ಮತ್ತೆ ವಾರ್ಡು

ಬಂದ ಮಾರನೆಯ ದಿನ ಬಣ್ಣದವನನ್ನು ಕರೆಸಿ ಬಾಗಿಲ ಮೇಲಿನ ಬರಹ ಅಳಿಸಿದೆ. ಆಪರೇಟರ್ ಕಂಗಾಲಾದ. "ಮೇಡಂ, ಧೂಳು ಹೋಗಿ ಕಂಪ್ಯೂಟರ್ ಕೆಟ್ರೆ?" "ರಿಪೇರಿ ಮಾಡಿಸೋಣ" ಎಂದೆ. ಅವನಿಗೆ ನಂಬಿಕೆ ಬರಲೆಂದು ನಾನೇ ಚಪ್ಪಲಿ ಸಮೇತ ಒಳಗೆ ಹೋಗಿ ಒಂದು ಸುತ್ತು ಬಂದೆ. ಹೇಳಿದಷ್ಟು ಸುಲಭವಲ್ಲ. ದೇವರ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗಿತ್ತು.

ಆ ಸಂಜೆ ರೇಣುಕಾಗೆ ಏನೂ ವಿವರಿಸಲಿಲ್ಲ. "ಕೆಲಸದಿಂದ ಹಂಗೇ ನೆಟ್ಟಗೆ ಬಾ, ಮನೆಗೆ ಹೋಗ್ಬೇಡ, ಚಪ್ಪಲಿನೂ ಬಿಚ್ಬೇಡ" ಎಂದಷ್ಟೇ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು, ಅರ್ಥವಾದದ್ದು ನನಗೂ ಗೊತ್ತಾಯಿತು, ಇಬ್ಬರೂ ಬೇರೆ ಮಾತಾಡಿದೆವು. ಆದರೂ ಅವಳು ಅಂದು ಬರಲಿಲ್ಲ. ಮರುದಿನ ಶೆಡ್ಡಿನ ಇನ್ನಿಬ್ಬರು ಹೆಂಗಸರನ್ನು ಜೊತೆಗೆ ಕಟ್ಟಿಕೊಂಡು ಬಂದಳು. ಅವರನ್ನು ನೋಡಿ ಎದುರಿನ ಗ್ಯಾರೇಜಿನವರು ಬಂದರು, ಕೈ ತುಂಬ ಗ್ರೀಸು. ತಂಗಿಯ ಕಡೆಯಿಂದ ಬಂದ ಮೇಲ್ ಮಾತ್ರ ತೆರೆಯಲಿಲ್ಲ, ಇಂಟರ್‌ನೆಟ್ ಬರುವ ಫೋನ್ ಲೈನು ಸತ್ತಿತ್ತು. ದಿನಾ ಬಂದು ಕಾದು ಹೋದಳು. "ಇರ್ಲಿ ಬಿಡ್ರಿ ಅಕ್ಕಾರ, ದಾರಿ ಗೊತ್ತಾತಲ್ಲ" ಅಂದಳು.

ಸಮಿತಿ ಬಂದ ಸಂಜೆ ಲೈನು ಬಂದಿತ್ತು. ಅಧ್ಯಕ್ಷರು ಬಿಳಿ ಪಂಚೆ, ಬಿಳಿ ಅಂಗಿ. ರೂಢಿಯಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಳಗೆ ಬಗ್ಗಿ ನೋಡಿದರು. ಮತ್ತೆ ಚಪ್ಪಲಿ ಹಾಕಿಕೊಂಡು ಬಂದರು.

"ಏನಮ್ಮಾ ಇದು, ನೆಲ ಹಿಂಗಿದೆ? ಟೈಲ್ಸ್ ಯಾವ ಬಣ್ಣ ಅಂತನೇ ಗೊತ್ತಾಗಲ್ವಲ್ಲ."

"ಜನ ಬರ್ತಾ ಇದಾರೆ ಸಾರ್" ಎಂದೆ.

ಅವರನ್ನು ಕಂಡು ರೇಣುಕಾ ಕುರ್ಚಿಯಿಂದ ಏಳಲು ಹೋದಳು. ಭುಜ ಒತ್ತಿ ಕೂರಿಸಿದೆ. ಎದುರಿಗೆ ಫೋಟೋ ತೆರೆದುಕೊಳ್ಳುತ್ತಿತ್ತು. ಆಗಿನ ಲೈನಿನಲ್ಲಿ ಚಿತ್ರ ಒಮ್ಮೆಗೇ ಬರುತ್ತಿರಲಿಲ್ಲ, ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೊದಲು ಗೋಡೆ ಬಂತು. ಆಮೇಲೆ ಬೈತಲೆ. ಹಣೆಯ ಹತ್ತಿರ ಬಂದು ನಿಂತುಬಿಟ್ಟಿತು. ಅಧ್ಯಕ್ಷರು ಮಾತು ನಿಲ್ಲಿಸಿ ಮುಂದಕ್ಕೆ ಬಾಗಿದರು. ಸಮಿತಿಯ ಉಳಿದವರೂ ಬಾಗಿದರು. ಯಾರೂ ಮಾತಾಡಲಿಲ್ಲ. ಆ ಕೋಣೆ ಒಂದು ಗಳಿಗೆ ಎಸ್ಟೋನಿಯಾ ಆಗಿತ್ತು.

ಕಣ್ಣು ಬಂತು, ಮೂಗು ಬಂತು, ಕೆನ್ನೆ ಬಂತು. ರೇಣುಕಾ ಕಪ್ಪು ಬೆರಳನ್ನು ಗಾಜಿನ ಮೇಲಿಟ್ಟು ಆ ಕೆನ್ನೆಯನ್ನು ಸವರಿದಳು.

"ದಪ್ಪ ಆಗ್ಯಾಳ್ರೀ ಅಕ್ಕಾರ" ಎಂದಳು.

"ಊಟ ಚೆನ್ನಾಗೇ ಹಾಕ್ತಾರೆ ಅನ್ಸತ್ತೆ ಕಣಮ್ಮಾ" ಎಂದರು ಅಧ್ಯಕ್ಷರು, ಅವಳ ಹಿಂದೆ ನಿಂತು. ಗರಡಿ ಮನೆಯ ಮಾತನ್ನು ಅಂದು ಯಾರೂ ಎತ್ತಲಿಲ್ಲ.